ಹಟ್ಟಿಗೂ ಹಾಸ್ಟೆಲ್ಲಿಗೂ ನಡುವಿನ ದಾರಿ

ಮನಸ್ಸಿನ ಕಾಯಿಲೆಗೆ ಮದ್ದು ಬೇಕೆಂದರೆ ಬೆಂಗಳೂರಿಗೋ ಧಾರವಾಡಕ್ಕೋ ಬಸ್ಸು ಹತ್ತಬೇಕಿದ್ದ ಕಾಲ ಅದು. 1985ರ ಹೊತ್ತಿಗೆ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಗೆ ಬಂದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಊರೂರು ಸುತ್ತುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಮೂರ್ಛೆರೋಗ, ಖಿನ್ನತೆ, ತೀವ್ರ ಮನೋರೋಗಗಳನ್ನು ಗುರುತಿಸುವುದು, ಹತ್ತಿರದ ಆಸ್ಪತ್ರೆಯಲ್ಲೇ ಮಾತ್ರೆ ಸಿಗುವಂತೆ ಮಾಡುವುದು, ಔಷಧ ಬಿಟ್ಟವರ ಮನೆಗೆ ಹೋಗಿ ವಿಚಾರಿಸುವುದು, ಇಷ್ಟೇ ಅದರ ಗುಟ್ಟು. ಐದು ವರ್ಷದ ಈ ಕೆಲಸ ಫಲ ಕೊಟ್ಟಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಮುಂದಿಟ್ಟುಕೊಂಡದ್ದು ಇದೇ ‘ಬಳ್ಳಾರಿ ಮಾದರಿ’ಯನ್ನು.

ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಆಗ ಬಳ್ಳಾರಿಯ ತಾಲ್ಲೂಕುಗಳು. ಕೊಟ್ಟೂರು ಕೂಡ್ಲಿಗಿಯ ಒಳಗೇ ಇತ್ತು. ಹರಪನಹಳ್ಳಿ ದಾವಣಗೆರೆಗೆ ಸೇರಿದ್ದು 1997ರಲ್ಲಿ. ಅಲ್ಲಿಯವರೆಗೆ ಅದೂ ಬಳ್ಳಾರಿಯದೇ. 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದ ಈ ಐದೂ ತಾಲ್ಲೂಕುಗಳ ಸೀಮೆ, ಹಳ್ಳಿಯ ಜನರ ಮನಸ್ಸಿಗೆ ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟ ನೆಲ.

ಆ ಮಾದರಿ ಕಾಯಿಲೆಗೆ ಮದ್ದು ಕೊಟ್ಟಿತು. ಆದರೆ ಗುಡೇಕೋಟೆ ಹೋಬಳಿಯ ಹಟ್ಟಿಯೊಂದರಿಂದ ಬಂದು ಕೂಡ್ಲಿಗಿಯ ಹಾಸ್ಟೆಲ್ಲಿನಲ್ಲಿ ಉಳಿದಿರುವ ಹದಿನೇಳರ ಹುಡುಗನ ಸಂಕಟ ಎಷ್ಟೋ ಸಲ ಕಾಯಿಲೆಯೇ ಅಲ್ಲ. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಗುಳೆ ಹೋಗಿದ್ದಾರೆ. ಮನೆಯಲ್ಲಿ ಆಡುವುದು ತೆಲುಗು ಬೆರೆತ ಮಾತು, ತರಗತಿಯಲ್ಲಿ ಪುಸ್ತಕದ ಕನ್ನಡ, ಅದರ ಮೇಲೆ ಇಂಗ್ಲಿಷ್. ಗಣಿತದಲ್ಲಿ ಫೇಲಾದ ಗೆಳೆಯ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದವನು ಕುಡಿತ ಕಲಿತು ಬಂದಿದ್ದಾನೆ. ಹಟ್ಟಿಯ ದೇವರು, ಹಟ್ಟಿಯ ಕಟ್ಟಳೆ ಎಂದರೆ ಸಹಪಾಠಿಗಳು ನಗುತ್ತಾರೆ ಎಂಬ ಹೆದರಿಕೆ ಬೇರೆ. ಇದಕ್ಕೆಲ್ಲ ಮಾತ್ರೆಯಿಲ್ಲ. ಬೇಕಾದದ್ದು ತನ್ನವರ ಬಗ್ಗೆ ತಿಳಿವಳಿಕೆ, ನೋವನ್ನು ಹೇಳಿಕೊಳ್ಳುವ ಜಾಗ, ಜೊತೆಗೆ ನಿಲ್ಲುವ ಓರಗೆಯವರು. ಕೆನಡಾ, ಆಸ್ಟ್ರೇಲಿಯಾ, ಅಲಾಸ್ಕಾಗಳಲ್ಲಿ ಮೂಲನಿವಾಸಿ ಯುವಜನರಿಗಾಗಿ ನಡೆಯುತ್ತಿರುವ ಕಾರ್ಯಕ್ರಮಗಳು ಈ ಮೂರನ್ನೂ ಒಂದೇ ಕಡೆ ಕೂಡಿಸಲು ಹೆಣಗುತ್ತಿವೆ. ನಮ್ಮಲ್ಲಿ ಇವು ಮೂರು ಇಲಾಖೆಗಳಲ್ಲಿ ಹಂಚಿಹೋಗಿವೆ. ಸಂಸ್ಕೃತಿ ಒಂದು ಇಲಾಖೆಗೆ, ಆರೋಗ್ಯ ಇನ್ನೊಂದಕ್ಕೆ, ಹಾಸ್ಟೆಲ್ಲು ಮತ್ತೊಂದಕ್ಕೆ.

ಹಟ್ಟಿಯಲ್ಲಿ ಇವು ಬೇರೆಬೇರೆಯಾಗಿರಲಿಲ್ಲ. ಒನಕೆ ಓಬವ್ವನ ತವರು ಎಂದು ಜನ ಹೇಳುವ ಗುಡೇಕೋಟೆ ಬಂಡೆಗಳ ನಾಡು, ಕೋಟೆಯ ಊರು. 2013ರಿಂದ ಇಲ್ಲಿನ ಗುಡ್ಡಗಳು ಕರಡಿಧಾಮ. ಇಲ್ಲಿಂದ ದಕ್ಷಿಣಕ್ಕೆ ಮೊಳಕಾಲ್ಮುರು, ಚಳ್ಳಕೆರೆ, ಪೂರ್ವಕ್ಕೆ ಆಂಧ್ರದ ರಾಯದುರ್ಗದವರೆಗೆ ಹರಡಿಕೊಂಡಿರುವವರು ಮ್ಯಾಸಬೇಡರು. ಮ್ಯಾಸ ನಾಯಕರು ಎಂದೂ ಕರೆಯುತ್ತಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಸಂಪುಟಗಳಲ್ಲೇ ಊರುಬೇಡರಿಗೂ ಮ್ಯಾಸಬೇಡರಿಗೂ ಇರುವ ವ್ಯತ್ಯಾಸ ದಾಖಲಾಗಿದೆ. ಪಶುಪಾಲನೆ ಇವರ ಮೂಲ ಕಸುಬು. ಕೋಳಿ ತಿನ್ನುವುದಿಲ್ಲ, ಹೆಂಡ ಮುಟ್ಟುವುದಿಲ್ಲ, ಈಚಲ ಮರದ ಸಹವಾಸವೇ ಬೇಡ ಎನ್ನುವುದು ಇವರ ಕಟ್ಟಳೆ.

ಹತ್ತಿರದಿಂದ ನೋಡಬೇಕಾದದ್ದು ದೇವರ ಎತ್ತುಗಳನ್ನು. ಮ್ಯಾಸಬೇಡರು ತಮ್ಮ ದೇವರ ಹೆಸರಿನಲ್ಲಿ ಬಿಟ್ಟಿರುವ ಹಿಂಡು ಅದು. ಇವಕ್ಕೆ ನೊಗ ಹೂಡುವಂತಿಲ್ಲ, ಇವನ್ನು ಮಾರುವಂತಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವ ಹಾಗೆ ಮಣ್ಣು ಮಾಡುತ್ತಾರೆ. ಹಿಂಡನ್ನು ಕಾಯುವವನು ಕಿಲಾರಿ. ಅವನ ಬದುಕು ಹಿಂಡಿನ ಜೊತೆಗೇ. ಯಾವ ಗುಡ್ಡದಲ್ಲಿ ಯಾವಾಗ ಹುಲ್ಲು ಏಳುತ್ತದೆ, ಯಾವ ಗುಂಡಿಯಲ್ಲಿ ಬೇಸಿಗೆಯವರೆಗೂ ನೀರು ನಿಲ್ಲುತ್ತದೆ, ಮುಗ್ಗರಿಸಿದ ಎತ್ತಿಗೆ ಯಾವ ಸೊಪ್ಪು ಅರೆದು ಕಟ್ಟಬೇಕು ಎಂಬುದೆಲ್ಲ ಅವನಿಗೆ ಗೊತ್ತು. ಅವನ ಹಿಂದೆ ತಿರುಗುವ ಹುಡುಗನಿಗೆ ಪಾಠ ಸಿಗುತ್ತಿದ್ದದ್ದೇ ಹೀಗೆ. ದನದ ವಿದ್ಯೆ, ಕುಲದ ಕಥೆ, ಹಿರಿಯನ ಸಂಗ ಮೂರೂ ಒಟ್ಟಿಗೆ. ರಾತ್ರಿ ಬೆಂಕಿಯ ಸುತ್ತ ಗಾದ್ರಿಪಾಲನಾಯಕನಂಥ ವೀರರ ಕಥೆ ಹಾಡಾಗಿ ಬರುತ್ತಿತ್ತು. ಪೆಟ್ಟಿಗೆಯಲ್ಲಿರಿಸಿ ಪೂಜಿಸುವ ದೇವರನ್ನು ಹೊರಡಿಸುವ ದಿನ ಯಾರು ಏನನ್ನು ಹೊರಬೇಕು ಎಂಬುದರಲ್ಲಿ ಹುಡುಗರಿಗೂ ಒಂದು ಪಾಲಿತ್ತು. ಪಾಲು ಸಿಕ್ಕವನಿಗೆ ತಾನು ಯಾರಿಗೂ ಬೇಡದವನು ಎಂಬ ಭಾವನೆ ಅಷ್ಟು ಸುಲಭಕ್ಕೆ ಬರುವುದಿಲ್ಲ.

2016–17ರ ಬರದಲ್ಲಿ ಚಳ್ಳಕೆರೆ ಕಡೆಯ ದೇವರ ಎತ್ತುಗಳಿಗೆ ಮೇವಿಲ್ಲದೆ ಹೋದಾಗ ಈ ವ್ಯವಸ್ಥೆ ಎಷ್ಟು ಸೊರಗಿದೆ ಎಂಬುದೂ, ಎಷ್ಟು ಉಳಿದಿದೆ ಎಂಬುದೂ ಒಟ್ಟಿಗೆ ಗೊತ್ತಾಯಿತು. ಗೋಮಾಳಗಳು ಒತ್ತುವರಿಯಾಗಿದ್ದವು, ಕಿಲಾರಿಗಳು ಕಂಗಾಲಾಗಿದ್ದರು. ಆದರೆ ಸುದ್ದಿ ಹರಡಿದ ಮೇಲೆ ಬೇರೆ ಬೇರೆ ಊರುಗಳಿಂದ ಜನ ಮೇವು ಕಳಿಸಿದರು. ಊರಿನಿಂದ ದೂರವಾದ ಯುವಕರಿಗೆ ಹಟ್ಟಿಯ ಜೊತೆ ಹೊಸದಾಗಿ ನಂಟು ಕೂಡಿಸಲು ಅಂಥ ಒಂದು ಕೆಲಸ ಸಾಕಾಗುತ್ತದೆ. ಭಾಷಣಕ್ಕಿಂತ ಒಂದು ಗಾಡಿ ಮೇವು ಇಳಿಸುವುದು ಹೆಚ್ಚು ಕಲಿಸುತ್ತದೆ.

ಈಗ ಹಟ್ಟಿಯ ಮಕ್ಕಳು ಇರುವುದು ಹಾಸ್ಟೆಲ್ಲಿನಲ್ಲಿ. ಇದು ಬೇಸರದ ಮಾತಲ್ಲ. ನಾಯಕ ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಸ್ಥಾನ 1991ರಲ್ಲಿ ಗಟ್ಟಿಯಾದ ಮೇಲೆ ಆಶ್ರಮ ಶಾಲೆ, ಮೆಟ್ರಿಕ್ ಪೂರ್ವ ಮತ್ತು ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಂದ ಓದಿದ ಒಂದು ಇಡೀ ಪೀಳಿಗೆ ಹೊರಬಂದಿದೆ. 2011ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಪಂಗಡದ ಜನಸಂಖ್ಯೆ 42 ಲಕ್ಷ ದಾಟಿತ್ತು, ನೂರಕ್ಕೆ ಸುಮಾರು ಏಳು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅದು ನೂರಕ್ಕೆ ಹದಿನೆಂಟು. ಕೂಡ್ಲಿಗಿ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರ. ಬುಡಕಟ್ಟು ಜನ ಇಷ್ಟು ಹೆಚ್ಚಿರುವ ಈ ಸೀಮೆಯಲ್ಲಿ ಅವರ ಯುವಜನರು ದೊಡ್ಡ ಸಂಖ್ಯೆಯಲ್ಲಿ ಒಟ್ಟಿಗೆ ಸಿಗುವುದು ಸರ್ಕಾರಿ ಹಾಸ್ಟೆಲ್ಲುಗಳಲ್ಲೇ. ಊಟ ಇದೆ, ಹಾಸಿಗೆ ಇದೆ, ಟ್ಯೂಷನ್ ಇದೆ. ತಾವು ಯಾರು ಎಂದು ಮಕ್ಕಳು ಕೇಳಿಕೊಳ್ಳುವುದಕ್ಕೆ ಅಲ್ಲಿ ಜಾಗವಿಲ್ಲ. ವಾಲ್ಮೀಕಿ ಜಯಂತಿಯ ದಿನ ಒಂದು ಹಾರ, ಒಂದು ಭಾಷಣ. ಅಲ್ಲಿಗೆ ಮುಗಿಯಿತು.

ಹೀಗೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಕೆನಡಾ ಘೋರವಾದ ರೀತಿಯಲ್ಲಿ ಕಂಡಿದೆ. ಅಲ್ಲಿ ಮೂಲನಿವಾಸಿಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಮನೆಯಿಂದ ಬಿಡಿಸಿ ವಸತಿ ಶಾಲೆಗಳಿಗೆ ಹಾಕಿದರು. ತಾಯಿನುಡಿ ಆಡಿದರೆ ಶಿಕ್ಷೆ. ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದಲ್ಲಿ. 2015ರಲ್ಲಿ ಅಲ್ಲಿನ ಸತ್ಯ ಮತ್ತು ಸಾಮರಸ್ಯ ಆಯೋಗ 94 ಶಿಫಾರಸುಗಳನ್ನು ಮುಂದಿಟ್ಟಿತು. ನಮ್ಮ ಆಶ್ರಮ ಶಾಲೆಗಳನ್ನು ಅವುಗಳ ಸಾಲಿಗೆ ಸೇರಿಸುವುದು ಅನ್ಯಾಯ. ಇಲ್ಲಿ ಮಕ್ಕಳನ್ನು ಕಳಿಸುವವರು ತಂದೆತಾಯಿಯರೇ, ಆಸೆಯಿಂದ ಕಳಿಸುತ್ತಾರೆ. ಆದರೆ ಕೆನಡಾದ ಅನುಭವದಿಂದ ಹೊರಟ ಒಂದು ಅಧ್ಯಯನ ನಮಗೂ ಸಲ್ಲುತ್ತದೆ.

ಮೈಕಲ್ ಚಾಂಡ್ಲರ್ ಮತ್ತು ಕ್ರಿಸ್ಟೋಫರ್ ಲಾಲಾಂಡ್ ಎಂಬ ಮನಶ್ಶಾಸ್ತ್ರಜ್ಞರು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸುಮಾರು ಇನ್ನೂರು ಮೂಲನಿವಾಸಿ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆಯ ಲೆಕ್ಕ ತೆಗೆದರು. 1998ರಲ್ಲಿ ಪ್ರಕಟವಾದ ಅವರ ಲೇಖನ ಎಲ್ಲರ ಎಣಿಕೆಯನ್ನು ತಲೆಕೆಳಗು ಮಾಡಿತು. ಮೂಲನಿವಾಸಿಗಳಲ್ಲಿ ಆತ್ಮಹತ್ಯೆ ಹೆಚ್ಚು ಎಂಬ ಸರಾಸರಿಯೇ ದಾರಿ ತಪ್ಪಿಸುವಂಥದ್ದು. ಅರ್ಧಕ್ಕಿಂತ ಹೆಚ್ಚು ಸಮುದಾಯಗಳಲ್ಲಿ ಅವರು ನೋಡಿದ ಐದಾರು ವರ್ಷಗಳಲ್ಲಿ ಒಂದೂ ಇಂಥ ಸಾವು ನಡೆದಿರಲಿಲ್ಲ. ಕೆಲವೇ ಸಮುದಾಯಗಳಲ್ಲಿ ಅದು ಭಯಂಕರವಾಗಿತ್ತು. ವ್ಯತ್ಯಾಸ ಎಲ್ಲಿತ್ತು? ತಮ್ಮ ಶಾಲೆಯನ್ನು ತಾವೇ ನಡೆಸುವುದು, ಆರೋಗ್ಯ ಸೇವೆ ತಮ್ಮ ಕೈಯಲ್ಲಿರುವುದು, ಭೂಮಿಯ ಹಕ್ಕಿಗೆ ಹೋರಾಡುವುದು, ಸಾಂಸ್ಕೃತಿಕ ಕೇಂದ್ರ ಹೊಂದಿರುವುದು, ಹೀಗೆ ಆರು ಅಂಶಗಳನ್ನು ಅವರು ಗುರುತಿಸಿದ್ದರು. ಆರೂ ಇದ್ದ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆ ಸೊನ್ನೆ. ನಂತರದ ಇನ್ನೊಂದು ಅಧ್ಯಯನದಲ್ಲಿ, ತಾಯಿನುಡಿಯನ್ನು ಹೆಚ್ಚಿನವರು ಆಡಬಲ್ಲ ಸಮುದಾಯಗಳಲ್ಲೂ ಅದು ತೀರ ಕಡಿಮೆ ಎಂದು ಕಂಡುಬಂತು. ಹಾಡು ಕಲಿತರೆ ಖಿನ್ನತೆ ಓಡಿಹೋಗುತ್ತದೆ ಎಂದು ಇದರ ಅರ್ಥವಲ್ಲ. ಹಿಂದಿನದು ತನ್ನದು, ಮುಂದಿನದೂ ತನ್ನ ಕೈಯಲ್ಲಿದೆ ಎಂದು ಹರೆಯದವರಿಗೆ ಅನ್ನಿಸುವ ಊರುಗಳಲ್ಲಿ ಬದುಕು ಗಟ್ಟಿ ಎಂದು ಅರ್ಥ.

ಅಲಾಸ್ಕಾದ ಯುಪಿಕ್ ಜನರ ‘ಕುಂಗಸ್ವಿಕ್’ ಕಾರ್ಯಕ್ರಮ ಇದನ್ನೇ ಕೆಲಸಕ್ಕೆ ಇಳಿಸಿದೆ. ಕುಡಿತ ಮತ್ತು ಆತ್ಮಹತ್ಯೆ ತಡೆಯಲು ಹುಟ್ಟಿದ ಕಾರ್ಯಕ್ರಮವಾದರೂ ಆ ಎರಡರ ಮೇಲೆ ಉಪನ್ಯಾಸ ಕಡಿಮೆ. ಹಿರಿಯರು ಹುಡುಗರನ್ನು ಹೆಪ್ಪುಗಟ್ಟಿದ ನದಿಯ ಮೇಲೆ ಕರೆದೊಯ್ಯುತ್ತಾರೆ, ಎಲ್ಲಿ ಮಂಜುಗಡ್ಡೆ ಭಾರ ತಡೆಯುತ್ತದೆ ಎಂದು ಕೋಲಿನಿಂದ ಕುಟ್ಟಿ ನೋಡುವುದನ್ನು ಕಲಿಸುತ್ತಾರೆ. ಅಪಾಯವನ್ನು ಮೊದಲೇ ಅರಿಯುವ, ಜೊತೆಗಾರನನ್ನು ಬಿಟ್ಟುಬಾರದ ಪಾಠ ಅದರೊಳಗೇ ಬಂದುಹೋಗುತ್ತದೆ. ಹೆಂಡ ಮುಟ್ಟದ ಕಟ್ಟಳೆಯಿರುವ ಮ್ಯಾಸಬೇಡರ ಹಟ್ಟಿಗಳಲ್ಲಿ ಕುಡಿತದ ವಿರುದ್ಧ ಭಿತ್ತಿಪತ್ರ ಅಂಟಿಸಿ ಹೋಗುವ ಅಧಿಕಾರಿಗಳಿಗೆ ಇದು ತಿಳಿದಿರಬೇಕು. ಊರಿನವರ ಬಳಿಯೇ ಇರುವ ನಿಯಮವನ್ನು ಹುಡುಗರಿಗೆ ನೆನಪಿಸುವ ಯಜಮಾನನ ಮಾತಿಗೆ ಇರುವ ತೂಕ ಭಿತ್ತಿಪತ್ರಕ್ಕೆ ಬರಲಾರದು.

ಕರ್ನಾಟಕದಲ್ಲಿ ಇಂಥದ್ದು ನಡೆದೇ ಇಲ್ಲವೆಂದಲ್ಲ. ಚೆನ್ನಾಗಿ ನಡೆದ ಒಂದು ಕೆಲಸ ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯದು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ‘ಜನಸ್ಪಂದನ’ ಎಂಬ ಯೋಜನೆಯಲ್ಲಿ ಊರೂರಿಗೆ ನಾಟಕ ಶಿಬಿರ ಒಯ್ದಿತ್ತು. ಮಂಚೀಕೇರಿಯ ಸಿದ್ದಿಗಳನ್ನು ಕಟ್ಟಿಕೊಂಡು ಚಿದಂಬರರಾವ್ ಜಂಬೆ ಅವರು ನಿರ್ದೇಶಿಸಿದ ನಾಟಕ ‘ಕಪ್ಪು ಜನ ಕೆಂಪು ನೆರಳು’. ನೈಜೀರಿಯಾದ ಚಿನುವಾ ಅಚಿಬೆ 1958ರಲ್ಲಿ ಪ್ರಕಟಿಸಿದ ಕಾದಂಬರಿಯ ರಂಗರೂಪ ಅದು. ಬಿಳಿಯರು ಬಂದಾಗ ಒಂದು ಇಗ್ಬೊ ಹಳ್ಳಿ ಒಡೆದುಹೋದ ಕಥೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಈ ನೆಲಕ್ಕೆ ಬಂದವರ ವಂಶದವರು, ಆ ಖಂಡವನ್ನು ಕಾಣದವರು, ಕನ್ನಡದಲ್ಲಿ ಆ ಹಳ್ಳಿಯವರಾಗಿ ರಂಗದ ಮೇಲೆ ನಿಂತರು. ಊರಿನಲ್ಲಿ ಮೈಬಣ್ಣಕ್ಕೂ ಕೂದಲಿಗೂ ಹಾಸ್ಯ ಕೇಳಿ ಬೆಳೆದ ಹುಡುಗರಿಗೆ ಅದೇ ಮೈ, ಅದೇ ಕೂದಲು, ಅದೇ ಕುಣಿತ ಕಥೆಯ ಜೀವಾಳವಾದದ್ದು ಸಣ್ಣ ಮಾತಲ್ಲ. ಆ ಕೆಲಸ ಒಂದು ಪ್ರದರ್ಶನಕ್ಕೆ ನಿಲ್ಲಲಿಲ್ಲ. ಮುಂದೆ ಸಿದ್ದಿ ಯುವಕ ಯುವತಿಯರು ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಬಂದು ಕಲಿತರು, ಊರಿಗೆ ಮರಳಿ ಮಕ್ಕಳಿಗೆ ನಾಟಕ ಕಲಿಸಿದರು. ಸಿನಿಮಾದಲ್ಲಿ ಹೆಸರಾದ ಪ್ರಶಾಂತ್ ಸಿದ್ದಿ, ರಂಗಭೂಮಿಯ ಗಿರಿಜಾ ಸಿದ್ದಿ ಈ ದಾರಿಯಲ್ಲಿ ಬಂದವರು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ; ನಾಟಕ ಅದಕ್ಕಿಂತ ಎಷ್ಟೋ ಮುಂಚೆ ಅವರನ್ನು ಎದ್ದು ನಿಲ್ಲಿಸಿತ್ತು.

ಅದೇ ಸಿದ್ದಿಗಳ ನಡುವೆ 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಓಟಗಾರರನ್ನು ಹುಡುಕಲು ಬಂದಿತು. ಒಳ್ಳೆಯ ಓಟಗಾರರು ಸಿಕ್ಕರು, ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಹಾಸ್ಟೆಲ್ಲಿನಿಂದ ಹುಡುಗರು ಮನೆಗೆ ಮರಳಿದರು. ಮೇಲಿನಿಂದ ಬಂದದ್ದು ಮೇಲಿನಿಂದಲೇ ಹೋಯಿತು. ಮಂಚೀಕೇರಿಯಲ್ಲಿ ಕಲಿತವರು ಊರಿನಲ್ಲೇ ಕಲಿಸುವವರಾದರು. ಎರಡು ಯೋಜನೆಗಳ ನಡುವಿನ ಅಂತರ ಅಷ್ಟೇ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಲಿಕೆ ಬೇರೆಯೇ ರೂಪ ತಾಳಿತು. 1981ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಸ್ಪತ್ರೆಯ ಜೊತೆಗೆ ಶಾಲೆ ತೆರೆಯಿತು. ಓದಿದ ಸೋಲಿಗ ಯುವಕರ ಒಂದು ತಂಡ ಅಲ್ಲಿಂದ ಎದ್ದುಬಂತು. ಸೋಲಿಗರಲ್ಲಿ ಪಿಎಚ್.ಡಿ. ಪಡೆದ ಮೊದಲಿಗರಾದ ಡಾ. ಸಿ. ಮಾದೇಗೌಡ ಆ ಪೀಳಿಗೆಯವರು. ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀಯ ಸಂಶೋಧಕರ ಜೊತೆ ಸೇರಿ ಅವರು ಕೈಗೊಂಡ ಕೆಲಸ, ಕಾಡಿನ ನಕ್ಷೆ. ಹಿರಿಯರು ಮುಂದೆ, ಜಿಪಿಎಸ್ ಹಿಡಿದ ಕಿರಿಯರು ಹಿಂದೆ. ಕುಲಕುಲದ ಎಲ್ಲೆ ಎಲ್ಲಿಂದ ಎಲ್ಲಿಗೆ, ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಯಾವ ಜಾಗದಲ್ಲಿವೆ ಎಂದು ಒಂದೊಂದನ್ನೂ ನಡೆದು ಗುರುತಿಸಿದರು. ನೂರಾರು ಪವಿತ್ರ ತಾಣಗಳು ನಕ್ಷೆಗೆ ಬಂದವು. 1970ರ ದಶಕದಲ್ಲಿ ವನ್ಯಧಾಮ ಆದಾಗ ಒಕ್ಕಲೆಬ್ಬಿಸಲ್ಪಟ್ಟ ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಮೊಮ್ಮಕ್ಕಳಿಗೆ ಅಜ್ಜನ ಕಾಡು ಅಕ್ಷಾಂಶ ರೇಖಾಂಶಗಳ ಸಮೇತ ಕೈಗೆ ಸಿಕ್ಕಿತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತು. ಹುಲಿ ರಕ್ಷಿತಾರಣ್ಯದೊಳಗೆ ಹಾಗೆ ಹಕ್ಕು ಪಡೆದ ಮೊದಲಿಗರಲ್ಲಿ ಅವರೂ ಸೇರಿದ್ದಾರೆ.

ಸೋಲಿಗರ ಈ ನಕ್ಷೆಯ ಕೆಲಸವನ್ನು ಗುಡೇಕೋಟೆಯವರು ಗಮನಿಸಬೇಕು. ಕರಡಿಧಾಮದ ಗುಡ್ಡಗಳಲ್ಲೂ ದೇವರ ಎತ್ತಿನ ದಾರಿಗಳಿವೆ, ಕಟ್ಟೆಗಳಿವೆ, ವೀರಗಲ್ಲುಗಳಿವೆ, ಪಾಳೆಯಗಾರರ ಕೋಟೆಯ ಕಲ್ಲುಗಳಿವೆ. ಮೊಬೈಲ್ ಫೋನಿನಲ್ಲೇ ಈಗ ಜಿಪಿಎಸ್ ಇದೆ. ಪದವಿ ಓದುವ ಹತ್ತು ಹುಡುಗರು, ಹತ್ತು ಹುಡುಗಿಯರು ಒಬ್ಬ ಕಿಲಾರಿಯ ಹಿಂದೆ ನಡೆದರೆ ಒಂದು ಬೇಸಿಗೆಯಲ್ಲಿ ಈ ಸೀಮೆಯ ಗೋಮಾಳ, ನೀರಿನ ಗುಂಡಿ, ದೈವದ ಜಾಗಗಳ ನಕ್ಷೆ ಸಿದ್ಧವಾಗುತ್ತದೆ. ಸಹಾಯಕ್ಕೆ ದೂರ ಹೋಗಬೇಕಿಲ್ಲ. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೇ ಜಿಲ್ಲೆಯಲ್ಲಿದೆ. ಅಲ್ಲಿ ಬುಡಕಟ್ಟು ಅಧ್ಯಯನಕ್ಕೆಂದೇ ವಿಭಾಗವಿದೆ. ಅಕ್ಷರ ಕಲಿಯದ ದರೋಜಿ ಈರಮ್ಮ, ಬುಡ್ಗ ಜಂಗಮ ಸಮುದಾಯದ ಬುರ್ರಕಥಾ ಹಾಡುಗಾರ್ತಿ, ಅದೇ ವಿಶ್ವವಿದ್ಯಾಲಯದಿಂದ ನಾಡೋಜ ಗೌರವ ಪಡೆದವರು. 2014ರಲ್ಲಿ ಅವರು ತೀರಿಕೊಂಡಾಗ ಇಡಿಯಾದ ಕಾವ್ಯಗಳನ್ನೇ ನೆನಪಿನಲ್ಲಿ ಹೊತ್ತಿದ್ದ ಒಂದು ಕಂಠ ಹೋಯಿತು. ಅಂಥವರ ಹಾಡು ಪುಸ್ತಕಕ್ಕೆ, ಧ್ವನಿಮುದ್ರಣಕ್ಕೆ ಬಂದಿದೆ. ಮರಳಿ ಹಾಸ್ಟೆಲ್ಲಿನ ಹುಡುಗಿಯ ಬಾಯಿಗೆ ಬರುವುದು ಬಾಕಿ ಇದೆ.

ಸಂಸ್ಕೃತಿ ಎಂದ ತಕ್ಷಣ ಎಲ್ಲವನ್ನೂ ಕಣ್ಣಿಗೊತ್ತಿಕೊಳ್ಳಬೇಕು ಎಂದೇನಿಲ್ಲ. ಈ ವಿಷಯದಲ್ಲಿ ಕರಾವಳಿಯ ಕೊರಗರಿಂದ ಕಲಿಯುವುದು ಬಹಳವಿದೆ. ಕೊರಗರ ಡೋಲು ಶತಮಾನಗಳ ಕಾಲ ಅವರ ಅವಮಾನದ ಗುರುತೂ ಆಗಿತ್ತು. ಬೇರೆಯವರ ಉತ್ಸವಕ್ಕೆ, ಕಂಬಳಕ್ಕೆ ಬಿಟ್ಟಿ ಬಾರಿಸಬೇಕಿತ್ತು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ರಾಜ್ಯ ಸರ್ಕಾರ 2000ದಲ್ಲಿ ಕಾಯ್ದೆ ಮಾಡಿ ನಿಷೇಧಿಸಿತು. ಅದಕ್ಕೂ ಮೊದಲೇ, 1993ರಲ್ಲಿ, ಭೂಮಿ ಕೊಡಿ ಎಂದು ಕೊರಗರು ಮಂಗಳೂರಿನಲ್ಲಿ ಮೆರವಣಿಗೆ ನಡೆಸಿದ್ದರು. ಅದರ ನೆನಪಿಗೆ ಪ್ರತಿವರ್ಷ ಆಗಸ್ಟ್ 18ರಂದು ‘ಕೊರಗರ ಭೂಮಿ ಹಬ್ಬ’ ನಡೆಯುತ್ತದೆ. ಅಲ್ಲಿ ಯುವಕರು ಡೋಲು ಬಾರಿಸುತ್ತಾರೆ, ಗಜಮೇಳ ಹೊರಡುತ್ತದೆ. ಬಾರಿಸು ಎಂದು ಯಾರೂ ಅಪ್ಪಣೆ ಕೊಡುವುದಿಲ್ಲ. ಕುಣಿಯುವವರೂ ಅವರೇ, ಕೇಳುವವರೂ ಅವರೇ. ಗಾಯ ಮಾಯುವುದು ಎಂದರೆ ಇದೇ. ವಾದ್ಯವನ್ನು ಎಸೆಯಲಿಲ್ಲ, ಅದರ ಮೇಲಿದ್ದ ದಾಸ್ಯವನ್ನು ಎಸೆದರು.

ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಎಸೆಯಬೇಕು ಎಂಬ ಈ ಪ್ರಶ್ನೆ ಕೂಡ್ಲಿಗಿ ಸೀಮೆಗೂ ಇದೆ, ಇನ್ನೂ ಬಿಗಿಯಾಗಿ ಇದೆ. ಕಾಡುಗೊಲ್ಲರ ಹಟ್ಟಿಗಳು ಚಳ್ಳಕೆರೆಯ ಸಿರಿಯಜ್ಜಿಯಂಥ ಹಾಡುಗಾರ್ತಿಯನ್ನು ಕೊಟ್ಟಿವೆ, ಜುಂಜಪ್ಪನ ಕಾವ್ಯ ಕೊಟ್ಟಿವೆ. ಮುಟ್ಟಾದ ಹೆಣ್ಣುಮಗಳನ್ನು, ಹಸಿ ಬಾಣಂತಿಯನ್ನು ಹಟ್ಟಿಯಾಚೆಗೆ ಇರಿಸುವ ಪದ್ಧತಿಯೂ ಕೆಲವು ಗೊಲ್ಲರಹಟ್ಟಿಗಳಿಂದ ಪೂರ್ತಿ ಹೋಗಿಲ್ಲ. ಈ ಸೀಮೆಯ ಇನ್ನೊಂದು ಗಾಯವಾದ ದೇವದಾಸಿ ಸಮರ್ಪಣೆಯನ್ನು ರಾಜ್ಯ 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿತು. ಆದರೂ ಅಪ್ಪನ ಹೆಸರು ಕೇಳುವ ಶಾಲೆಯ ಅರ್ಜಿಯ ಮುಂದೆ ದೇವದಾಸಿ ತಾಯಂದಿರ ಮಕ್ಕಳು ಇಂದಿಗೂ ತಲೆ ತಗ್ಗಿಸುತ್ತಾರೆ. ಇಂಥ ಕಡೆ ಸಾಂಸ್ಕೃತಿಕ ಶಿಬಿರ ನಡೆಸುವವರು ಹಾಡು ಕಲಿಸಿ, ನೋವಿನ ಮಾತು ಎತ್ತದೆ ಹೊರಟರೆ ಅರ್ಧ ಕೆಲಸ ಮಾಡಿದಂತೆ. ಯಾವುದನ್ನು ಹೊತ್ತುಕೊಳ್ಳಬೇಕು, ಯಾವುದನ್ನು ಇಳಿಸಬೇಕು ಎಂದು ತೀರ್ಮಾನಿಸುವ ಹಕ್ಕು ಆ ಹಟ್ಟಿಯ ಹುಡುಗಿಯರಿಗೇ ಇರಬೇಕು, ಮತ್ತು ಅವರು ಒಬ್ಬಂಟಿಯಾಗಿ ಅದನ್ನು ಹೇಳುವ ಪರಿಸ್ಥಿತಿ ಬರಬಾರದು. ಹತ್ತು ಜನ ಗೆಳತಿಯರು ಒಟ್ಟಿಗೆ ಹೇಳಿದಾಗ ಹಟ್ಟಿಯ ಯಜಮಾನರೂ ಕಿವಿಗೊಡುತ್ತಾರೆ.

ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರ ಬದುಕು ಇಲ್ಲಿ ನೆನೆಯಬೇಕಾದದ್ದು. ಬುಡಕಟ್ಟಿನ ಪಟ್ಟಿಯಲ್ಲಿ ಬರುವ ಕಥೆ ಇದಲ್ಲ. ಆದರೆ ಕಲೆ, ಗಾಯ, ಜೊತೆಗಾರರು ಹೇಗೆ ಕೂಡಿಬರುತ್ತವೆ ಎಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗದು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಲು ಹೊರಟ ಹರೆಯದಲ್ಲಿ ಮನೆ ಬಿಟ್ಟು ಬರಬೇಕಾಯಿತು. ಬದುಕು ಸಾಕೆನಿಸಿ ವಿಷ ಕುಡಿದದ್ದೂ ಆಯಿತು. ಭಿಕ್ಷೆ ಬೇಡುತ್ತಿದ್ದ ದಿನಗಳಲ್ಲಿ ದಾವಣಗೆರೆಯಲ್ಲಿ ಜೋಗತಿ ಕುಣಿತ ಕಂಡರು, ಕಲಿತರು, ಕಾಳವ್ವ ಜೋಗತಿಯ ತಂಡ ಸೇರಿದರು. ಗುರು ಸಿಕ್ಕರು, ತಮ್ಮಂಥವರೇ ಆದ ಸಂಗಾತಿಗಳು ಸಿಕ್ಕರು, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ವಿದ್ಯೆ ಸಿಕ್ಕಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಬಂತು. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ‘ನಡುವೆ ಸುಳಿವ ಹೆಣ್ಣು’ ಅವರ ಆತ್ಮಕಥನ. ಹಾಸ್ಟೆಲ್ಲುಗಳ ಕಪಾಟಿನಲ್ಲಿ ಇರಬೇಕಾದ ಪುಸ್ತಕ ಅದು.

ಓರಗೆಯವರ ನೆರವಿಗೆ ಸರ್ಕಾರದ ಒಂದು ಒಳ್ಳೆಯ ಕಾರ್ಯಕ್ರಮ ಆಗಲೇ ಇದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸುತ್ತಿರುವ ‘ಯುವ ಸ್ಪಂದನ’. ಇದರಲ್ಲಿ ಕೆಲಸ ಮಾಡುವ ‘ಯುವ ಪರಿವರ್ತಕರು’ ಆಯಾ ಜಿಲ್ಲೆಯ ಹುಡುಗ ಹುಡುಗಿಯರೇ. ಪರೀಕ್ಷೆಯ ಭಯ, ಪ್ರೇಮದ ಸಂಕಟ, ಮನೆಯ ಜಗಳ, ಕುಡಿತ, ಯಾವುದನ್ನಾದರೂ ತಮ್ಮ ವಯಸ್ಸಿನವರ ಹತ್ತಿರ ಹೇಳಿಕೊಳ್ಳಬಹುದು; ಹೆಚ್ಚಿನ ನೆರವು ಬೇಕಿದ್ದರೆ ಅವರು ಮುಂದಿನ ದಾರಿ ತೋರುತ್ತಾರೆ. ತಡರಾತ್ರಿಯಲ್ಲಿ ಜೀವ ಬೇಡವೆನಿಸಿದವರಿಗೆ 14416 ಎಂಬ ಟೆಲಿ ಮಾನಸ್ ಸಂಖ್ಯೆ ಇದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಈ ಸಂಖ್ಯೆ ಹಾಸ್ಟೆಲ್ಲಿನ ಪ್ರತಿ ಮಹಡಿಯ ಗೋಡೆಯ ಮೇಲೆ ಬರೆದಿರಬೇಕು. ಯುವ ಸ್ಪಂದನಕ್ಕೆ ಕೊರತೆ ಇರುವುದು ಹಟ್ಟಿ, ತಾಂಡಾಗಳ ಪರಿಚಯದಲ್ಲಿ. ಪರಿವರ್ತಕರಲ್ಲಿ ಒಬ್ಬ ಮ್ಯಾಸಬೇಡರ ಹುಡುಗ, ಒಬ್ಬ ಗೊಲ್ಲರ ಹುಡುಗಿ, ಹಡಗಲಿ–ಹರಪನಹಳ್ಳಿ ಕಡೆಯ ಲಂಬಾಣಿ ತಾಂಡಾದಿಂದ ಒಬ್ಬರು ಇದ್ದರೆ ಮಾತು ಬೇರೆಯೇ ಆಗುತ್ತದೆ. ಲಂಬಾಣಿಗರ ನುಡಿಯಾದ ಗೋರ್ ಬೋಲಿಯಲ್ಲಿ ಅತ್ತವಳಿಗೆ ಗೋರ್ ಬೋಲಿಯಲ್ಲೇ ಸಮಾಧಾನ ಹೇಳುವವರು ಬೇಕು.

ಹಾಗಾದರೆ ಕೂಡ್ಲಿಗಿಯಲ್ಲಿ ಶುರು ಮಾಡುವುದು ಎಲ್ಲಿಂದ? ಹೊಸ ಕಟ್ಟಡ ಬೇಡ, ಹೊಸ ಮಂಡಳಿಯೂ ಬೇಡ. ತಿಂಗಳಿಗೆ ಎರಡು ಶನಿವಾರ ಹಾಸ್ಟೆಲ್ಲಿನ ಊಟದ ಮನೆಯಲ್ಲಿ ಹಟ್ಟಿಯ ಹಿರಿಯರು ಬಂದು ಕೂರಲಿ. ಬಂದವರಿಗೆ ಬಸ್ ಚಾರ್ಜಿನ ಜೊತೆ ಗೌರವಧನ ಸಿಗಲಿ, ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಸಿಗಲಿ. ಕಿಲಾರಿಯ ವಿದ್ಯೆ ಅದಕ್ಕಿಂತ ಕಡಿಮೆಯದಲ್ಲ. ಹೇಳಿದ್ದನ್ನು ಮಕ್ಕಳು ತಮ್ಮ ಫೋನಿನಲ್ಲಿ ಮುದ್ರಿಸಿಕೊಂಡು, ತೆಲುಗಿನದ್ದನ್ನು ತೆಲುಗಿನಲ್ಲೇ, ಕನ್ನಡದ್ದನ್ನು ಕನ್ನಡದಲ್ಲೇ ಬರೆದಿಡಲಿ. ಅದೇ ಸಂಜೆ ಯುವ ಪರಿವರ್ತಕರು ಹುಡುಗರ ಜೊತೆ ಬೇರೆಯಾಗಿ, ಹುಡುಗಿಯರ ಜೊತೆ ಬೇರೆಯಾಗಿ ಮಾತಾಡಲಿ. ಬೇಸಿಗೆ ರಜೆಯಲ್ಲಿ ನಕ್ಷೆಯ ನಡಿಗೆ. ಬೇಕಾಗುವ ದುಡ್ಡು ಒಂದು ಜಯಂತಿಯ ಶಾಮಿಯಾನದ ಖರ್ಚಿಗಿಂತ ಹೆಚ್ಚೇನೂ ಆಗದು.

ಇನ್ನೊಂದು ತೊಡಕನ್ನು ಸರ್ಕಾರವೇ ಬಿಡಿಸಬೇಕು. ಶ್ರಾವಣ ಕಳೆಯುತ್ತಿದ್ದಂತೆ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದಲ್ಲಿ ಮಾರಮ್ಮನ ಜಾತ್ರೆ. ಮ್ಯಾಸಬೇಡರ ಹಟ್ಟಿಗಳೆಲ್ಲ ಅಲ್ಲಿ ಸೇರುತ್ತವೆ, ಗಡಿಯಾಚೆಯ ಆಂಧ್ರದ ನೆಂಟರೂ ಬರುತ್ತಾರೆ. ಇವರದೇ ಇನ್ನೊಂದು ಯಾತ್ರೆ, ಎತ್ತಿನ ಗಾಡಿಗಳಲ್ಲಿ ಹೊರಡುವ ಮಿಂಚೇರಿಯದು, ದಿನಗಟ್ಟಲೆ ನಡೆಯುತ್ತದೆ. ಶಾಲೆ ಕಾಲೇಜು ನಡೆಯುವ ದಿನಗಳಲ್ಲಿ ಹಾಗೆ ಹೋದ ವಿದ್ಯಾರ್ಥಿಗೆ ಹಾಜರಿ ಪುಸ್ತಕದಲ್ಲಿ ಗೈರು ಬೀಳುತ್ತದೆ, ಹಾಜರಿ ಕಡಿಮೆಯಾದರೆ ವಿದ್ಯಾರ್ಥಿವೇತನಕ್ಕೂ ಕುತ್ತು ಬರುತ್ತದೆ. ಎನ್‌ಎಸ್‌ಎಸ್ ಶಿಬಿರಕ್ಕೆ ಹೋದವರಿಗೆ, ಕ್ರೀಡಾಕೂಟಕ್ಕೆ ಹೋದವರಿಗೆ ಕಾಲೇಜುಗಳು ಹಾಜರಿ ಕೊಡುತ್ತವೆ. ಜಾತ್ರೆಗೆ ಹೋಗಿ, ಅಲ್ಲಿ ಕಂಡದ್ದನ್ನು ಕೇಳಿದ್ದನ್ನು ಬರೆದು ತಂದೊಪ್ಪಿಸುವ ಹಟ್ಟಿಯ ವಿದ್ಯಾರ್ಥಿಗೂ ಅದೇ ಸವಲತ್ತು ಕೊಡಲು ಒಂದು ಸುತ್ತೋಲೆ ಸಾಕು. ಮುಂದಿನ ಶ್ರಾವಣಕ್ಕೆ ಮೊದಲು ಅದನ್ನು ಹೊರಡಿಸುವುದು ವಿಜಯನಗರ ಮತ್ತು ಚಿತ್ರದುರ್ಗ ಜಿಲ್ಲೆಗಳ ಅಧಿಕಾರಿಗಳಿಗೆ ಕಷ್ಟದ ಕೆಲಸವೇನಲ್ಲ.